ಕಂಟ್ರಾಕ್ಟರ್ ಲೈಸೆನ್ಸ್‌ಗೆ ಶ್ಯೂರಿಟಿ ಬಾಂಡ್: ದುಡ್ಡು ಕಟ್ಟುವುದು ನೀವು, ರಕ್ಷಣೆ ಗಿರಾಕಿಗೆ

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಎದ್ದ ಕಾಳ್ಗಿಚ್ಚು ಪೆಸಿಫಿಕ್ ಪ್ಯಾಲಿಸೇಡ್ಸ್, ಆಲ್ಟಡೀನಾ ಕಡೆ ಸಾವಿರಾರು ಮನೆಗಳನ್ನು ಸುಟ್ಟು ಬೂದಿ ಮಾಡಿತು. ಬೆಂಕಿ ಆರಿದ ಮೇಲೆ ಮನೆ ಕಟ್ಟುವವರಿಗೆ, ರಿಪೇರಿ ಮಾಡುವವರಿಗೆ ಬೇಡಿಕೆ ಬಂತು. ಜೊತೆಗೆ ಲೈಸೆನ್ಸ್ ಇಲ್ಲದೆ ಕೆಲಸ ಹಿಡಿಯುವವರ ಭಯವೂ ಬಂತು. ಸರ್ಕಾರ ವಿಪತ್ತು ಪ್ರದೇಶ ಅಂತ ಘೋಷಿಸಿದ ಜಾಗದಲ್ಲಿ ಲೈಸೆನ್ಸ್ ಇಲ್ಲದೆ ಕಂಟ್ರಾಕ್ಟ್ ಕೆಲಸ ಮಾಡಿದರೆ ಕ್ಯಾಲಿಫೋರ್ನಿಯಾದಲ್ಲಿ ಅದು ಜೈಲಿಗೆ ಹೋಗುವಂಥ ಗಂಭೀರ ಅಪರಾಧ.

ಬೆಂಕಿ ಬಿದ್ದ ಊರಿನಲ್ಲಿ ಇಲ್ಲದವರಿಗೂ ಈ ವಿಷಯ ಬೇಕು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರು ಹಳೆ ಮನೆ ಕೊಂಡು ಅಡುಗೆಮನೆ ಒಡೆಸಿ ಕಟ್ಟಿಸುತ್ತಾರೆ, ಹಿತ್ತಲಲ್ಲಿ ಇನ್ನೊಂದು ಚಿಕ್ಕ ಮನೆ ಎಬ್ಬಿಸುತ್ತಾರೆ, ಛಾವಣಿ ಮೇಲೆ ಸೋಲಾರ್ ಹಾಕಿಸುತ್ತಾರೆ. ಕೆಲವರು ಐಟಿ ಸಾಕು, ಸ್ವಂತಕ್ಕೆ ರಿಮಾಡೆಲಿಂಗ್ ಕೆಲಸ ಶುರು ಮಾಡೋಣ ಅಂತ ಯೋಚಿಸುತ್ತಾರೆ. ಇವರಿಬ್ಬರ ಕಣ್ಣಿಗೂ ಬೀಳುವ ಮಾತು ಒಂದೇ: ‘ಲೈಸೆನ್ಸ್ಡ್, ಬಾಂಡೆಡ್’. ವ್ಯಾನಿನ ಮೇಲೆ, ವಿಸಿಟಿಂಗ್ ಕಾರ್ಡಿನ ಮೇಲೆ ಎಲ್ಲ ಕಡೆ ಇರುತ್ತದೆ. ಲೈಸೆನ್ಸ್ ಅಂದರೆ ಗೊತ್ತು. ಈ ಬಾಂಡ್ ಏನು?

ಮೂರು ಜನರ ಒಪ್ಪಂದ

ಊರಿನ ಸೊಸೈಟಿಯಲ್ಲಿ ಸಾಲ ತೆಗೆಯುವಾಗ ಇನ್ನೊಬ್ಬರು ಬಂದು ಜಾಮೀನು ಹಾಕುತ್ತಾರಲ್ವಾ, ಶ್ಯೂರಿಟಿ ಬಾಂಡ್ ಹೆಚ್ಚುಕಮ್ಮಿ ಅದೇ. ಸಾಲ ತೆಗೆದವರು ಕಟ್ಟದಿದ್ದರೆ ಸೊಸೈಟಿ ಜಾಮೀನುದಾರರ ಹತ್ತಿರ ಹೋಗುತ್ತದೆ. ಜಾಮೀನುದಾರರು ಕಟ್ಟುತ್ತಾರೆ. ಆಮೇಲೆ ಅವರು ಸಾಲ ತೆಗೆದವರ ಬೆನ್ನು ಹತ್ತಿ ಅಷ್ಟೂ ದುಡ್ಡು ವಸೂಲಿ ಮಾಡಿಕೊಳ್ಳುತ್ತಾರೆ. ನಮ್ಮ ದೇಶದ 1872ರ ಕರಾರು ಕಾಯ್ದೆಯೂ ಇದನ್ನೇ ಹೇಳುತ್ತದೆ: ಜಾಮೀನುದಾರ ನ್ಯಾಯವಾಗಿ ಕಟ್ಟಿದ್ದನ್ನು ಮೂಲ ಸಾಲಗಾರ ಅವನಿಗೆ ತುಂಬಿ ಕೊಡಬೇಕು.

ಕಂಟ್ರಾಕ್ಟರ್ ಬಾಂಡ್‌ನಲ್ಲಿ ಸಾಲ ಇಲ್ಲ, ಮಾತು ಇದೆ. ಕಾನೂನಿನ ಪ್ರಕಾರ ಕೆಲಸ ಮಾಡುತ್ತೇನೆ, ಗಿರಾಕಿಗೆ ಮೋಸ ಮಾಡುವುದಿಲ್ಲ, ಕೆಲಸಗಾರರ ಸಂಬಳ ಹಿಡಿದುಕೊಳ್ಳುವುದಿಲ್ಲ ಅಂತ ಕಂಟ್ರಾಕ್ಟರ್ ಮಾತು ಕೊಡುತ್ತಾರೆ. ಆ ಮಾತನ್ನು ಕೇಳುವುದು ರಾಜ್ಯದ ಲೈಸೆನ್ಸ್ ಮಂಡಳಿ. ಆ ಮಾತಿಗೆ ಜಾಮೀನು ನಿಲ್ಲುವುದು ಒಂದು ವಿಮಾ ಕಂಪನಿ. ಅದನ್ನೇ ಶ್ಯೂರಿಟಿ ಕಂಪನಿ ಅನ್ನುತ್ತಾರೆ. ಮಾತು ತಪ್ಪಿ ಯಾರಿಗಾದರೂ ನಷ್ಟವಾದರೆ ಕಂಪನಿ ಬಾಂಡ್ ಮೊತ್ತದವರೆಗೆ ಕೊಡುತ್ತದೆ, ಆಮೇಲೆ ಕಂಟ್ರಾಕ್ಟರ್ ಹತ್ತಿರ ವಸೂಲಿ ಮಾಡುತ್ತದೆ.

ಇದು ವಿಮೆ ಅಲ್ಲ

ಹೊಸದಾಗಿ ಕೆಲಸ ಶುರು ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಬಾಂಡ್ ಮಾರುವುದು ವಿಮಾ ಕಂಪನಿ, ಕಟ್ಟುವುದು ಪ್ರೀಮಿಯಂ, ಕೊಡಿಸುವುದು ವಿಮಾ ಏಜೆಂಟ್. ಹಾಗಾಗಿ ನನಗೇನೋ ರಕ್ಷಣೆ ಸಿಕ್ಕಿತು ಅಂತ ಅನ್ನಿಸಿಬಿಡುತ್ತದೆ. ಕಾರಿನ ವಿಮೆಯಲ್ಲಿ ಅಪಘಾತವಾದರೆ ಕಂಪನಿ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ನಿಮ್ಮ ಹತ್ತಿರ ಅದನ್ನು ವಾಪಸ್ ಕೇಳುವುದಿಲ್ಲ. ಬಾಂಡ್‌ನಲ್ಲಿ ಕೇಳುತ್ತದೆ, ಪೈಸೆ ಬಿಡದೆ ಕೇಳುತ್ತದೆ. ಬಾಂಡ್ ತೆಗೆದುಕೊಳ್ಳುವಾಗ ನೀವು ಸಹಿ ಹಾಕುವ ಕಾಗದಗಳಲ್ಲಿ ನಷ್ಟ ತುಂಬಿಕೊಡುವ ಒಪ್ಪಂದ ಇರುತ್ತದೆ. ಕಂಪನಿ ಕೊಟ್ಟ ಮೊತ್ತ ಮಾತ್ರ ಅಲ್ಲ, ತನಿಖೆಯ, ವಕೀಲರ ಖರ್ಚನ್ನೂ ನಾನೇ ಕೊಡುತ್ತೇನೆ ಅಂತ ಸಾಮಾನ್ಯವಾಗಿ ಅದರಲ್ಲಿ ಬರೆದಿರುತ್ತದೆ. ನಿಮ್ಮದು ನೋಂದಾಯಿತ ಕಂಪನಿ ಆಗಿದ್ದರೂ ಮಾಲೀಕರ ವೈಯಕ್ತಿಕ ಸಹಿ ಕೇಳುವುದುಂಟು. ಕೆಲವು ಕಡೆ ಗಂಡ ಅಥವಾ ಹೆಂಡತಿಯ ಸಹಿಯನ್ನೂ ಕೇಳುತ್ತಾರೆ. ಇದೊಂದು ಕಾಗದವನ್ನು ದಯವಿಟ್ಟು ಓದದೆ ಸಹಿ ಹಾಕಬೇಡಿ.

ಏಣಿಯಿಂದ ಯಾರೋ ಬಿದ್ದರೆ, ಪೈಪ್ ಒಡೆದು ಪಕ್ಕದ ಮನೆಗೆ ನೀರು ನುಗ್ಗಿದರೆ ಬಾಂಡ್ ನಿಮ್ಮನ್ನು ಕಾಯುವುದಿಲ್ಲ. ಅದಕ್ಕೆ ಲಯಬಿಲಿಟಿ ವಿಮೆ, ಕೆಲಸಗಾರರ ಪರಿಹಾರ ವಿಮೆ ಅಂತ ಬೇರೆಬೇರೆ ಇವೆ.

ಕ್ಯಾಲಿಫೋರ್ನಿಯಾದಲ್ಲಿ ಯಾರಿಗೆ ಬೇಕು

ಈ ರಾಜ್ಯದಲ್ಲಿ ಲೈಸೆನ್ಸ್ ಕೊಡುವುದು ಸ್ಯಾಕ್ರಮೆಂಟೊದಲ್ಲಿರುವ ಕಂಟ್ರಾಕ್ಟರ್ಸ್ ಸ್ಟೇಟ್ ಲೈಸೆನ್ಸ್ ಬೋರ್ಡ್. ಚಿಕ್ಕದಾಗಿ ಸಿಎಸ್‌ಎಲ್‌ಬಿ. 1929ರಲ್ಲಿ ಶುರುವಾದದ್ದು. ರಸ್ತೆ, ಸೇತುವೆಯಂಥ ದೊಡ್ಡ ಕೆಲಸಕ್ಕೆ ‘ಎ’, ಮನೆ ಕಟ್ಟಡಕ್ಕೆ ‘ಬಿ’, ಮನೆ ರಿಮಾಡೆಲಿಂಗ್‌ಗೆ ಅಂತಲೇ ‘ಬಿ-2’, ಒಂದೊಂದು ಕಸುಬಿಗೆ ‘ಸಿ’ ಸಾಲಿನ ಲೈಸೆನ್ಸ್. ಎಲೆಕ್ಟ್ರಿಕಲ್ ಸಿ-10, ಪ್ಲಂಬಿಂಗ್ ಸಿ-36, ಸೋಲಾರ್ ಸಿ-46, ಹೀಗೆ.

ಮೊದಲು 500 ಡಾಲರ್ ದಾಟಿದ ಯಾವ ಕೆಲಸಕ್ಕೂ ಲೈಸೆನ್ಸ್ ಬೇಕಿತ್ತು. 2025ರ ಜನವರಿ 1ರಿಂದ ಈ ಮಿತಿ 1,000 ಡಾಲರ್ ಆಗಿದೆ. ಅದಕ್ಕೂ ಷರತ್ತು ಇದೆ: ಕೂಲಿ, ಸಾಮಾನು ಎಲ್ಲ ಸೇರಿ 1,000ದ ಒಳಗಿರಬೇಕು, ಕೆಲಸಕ್ಕೆ ಪರ್ಮಿಟ್ ಬೇಕಿರಬಾರದು, ಕೈಕೆಳಗೆ ಕೆಲಸಗಾರರನ್ನು ಇಟ್ಟುಕೊಂಡಿರಬಾರದು. ದೊಡ್ಡ ಕೆಲಸವನ್ನು ತುಂಡು ತುಂಡು ಮಾಡಿ ಬಿಲ್ ಹಾಕಿದರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಲೈಸೆನ್ಸ್‌ಗೆ ಹಿಂದಿನ ಹತ್ತು ವರ್ಷದೊಳಗೆ ನಾಲ್ಕು ವರ್ಷದ ಕೈಕೆಲಸದ ಅನುಭವ ತೋರಿಸಬೇಕು. ಎಂಜಿನಿಯರಿಂಗ್‌ನಂಥ ಓದಿಗೆ ಅದರಲ್ಲಿ ಒಂದಷ್ಟು ವಿನಾಯಿತಿ ಸಿಗಬಹುದು, ಹೆಚ್ಚೆಂದರೆ ಮೂರು ವರ್ಷ. ಕನಿಷ್ಠ ಒಂದು ವರ್ಷ ಮಾತ್ರ ನಿಜವಾಗಿ ಕೆಲಸ ಮಾಡಿದ್ದೇ ಆಗಿರಬೇಕು. ಆಮೇಲೆ ಕಾನೂನು ಮತ್ತು ವ್ಯವಹಾರದ ಒಂದು ಪರೀಕ್ಷೆ, ಕಸುಬಿನ ಇನ್ನೊಂದು ಪರೀಕ್ಷೆ, ಬೆರಳಚ್ಚು. ಇದೆಲ್ಲ ಮುಗಿದು ಲೈಸೆನ್ಸ್ ಕೈಗೆ ಬರುವ ಮುಂಚಿನ ಮೆಟ್ಟಿಲಲ್ಲಿ ಬಾಂಡ್ ಬರುತ್ತದೆ. ಎಚ್-1ಬಿ ವೀಸಾದಲ್ಲಿರುವವರು ಒಂದು ವಿಷಯ ನೆನಪಿಡಬೇಕು. ಆ ವೀಸಾ ಕೊಡಿಸಿದ ಕಂಪನಿಯ ಕೆಲಸಕ್ಕೆ ಮಾತ್ರ ಅನುಮತಿ. ಹಾಗಾಗಿ ಅರ್ಜಿಗೆ ಮುಂಚೆ ವಲಸೆ ವಕೀಲರನ್ನು ಕೇಳುವುದು ಒಳ್ಳೆಯದು.

ಬಾಂಡ್ 25,000 ಡಾಲರ್ ಅಂದರೆ ಅಷ್ಟೂ ಕಟ್ಟಬೇಕಾ?

ಇಲ್ಲ. ಬಾಂಡ್ ಮೊತ್ತ ಬೇರೆ, ನಿಮ್ಮ ಕೈಯಿಂದ ಹೋಗುವುದು ಬೇರೆ.

2016ರಿಂದ 15,000 ಡಾಲರ್ ಇದ್ದ ಬಾಂಡ್ ಮೊತ್ತವನ್ನು 2023ರ ಜನವರಿ 1ರಿಂದ 25,000ಕ್ಕೆ ಏರಿಸಿದರು. ಹೊಸ ಲೈಸೆನ್ಸ್‌ಗೂ ಹಳೆ ಲೈಸೆನ್ಸ್‌ಗೂ ಇದೇ ಲೆಕ್ಕ. ಹಳೆ ಲೇಖನಗಳಲ್ಲಿ ಇನ್ನೂ 15,000 ಅಂತಲೇ ಇರುತ್ತದೆ, ನಂಬಬೇಡಿ. ಈ ಮೊತ್ತ ಜಾಮೀನಿನ ಮಿತಿ, ಅಂದರೆ ಶ್ಯೂರಿಟಿ ಕಂಪನಿ ಹೆಚ್ಚೆಂದರೆ ಇಷ್ಟು ಕೊಡುತ್ತದೆ ಅಂತ.

ನೀವು ಕಟ್ಟುವುದು ಪ್ರೀಮಿಯಂ, ಮೊತ್ತದ ಶೇಕಡಾ ಇಂತಿಷ್ಟು ಅಂತ. ಶೇಕಡಾ 1 ಆದರೆ ವರ್ಷಕ್ಕೆ 250 ಡಾಲರ್. ಶೇಕಡಾ 5 ಆದರೆ 1,250. ಶೇಕಡಾ 10 ಆದರೆ 2,500. ಯಾರಿಗೆ ಎಷ್ಟು ಅನ್ನುವುದನ್ನು ಮುಖ್ಯವಾಗಿ ನಿಮ್ಮ ಕ್ರೆಡಿಟ್ ಸ್ಕೋರ್ ತೀರ್ಮಾನಿಸುತ್ತದೆ. ಕಾರಣ ಸುಲಭ. ಕಂಪನಿ ನಿಮ್ಮ ಪರವಾಗಿ ಕೊಟ್ಟರೆ ನೀವು ವಾಪಸ್ ಕಟ್ಟುತ್ತೀರಾ ಇಲ್ಲವಾ ಅನ್ನುವುದೇ ಅವರಿಗೆ ಬೇಕಾದ ಒಂದೇ ಪ್ರಶ್ನೆ, ನೀವು ಎಷ್ಟು ಚೆನ್ನಾಗಿ ಟೈಲ್ಸ್ ಹಾಕುತ್ತೀರಿ ಅನ್ನುವುದು ಆಮೇಲಿನ ಮಾತು. ಸ್ಕೋರ್ ಚೆನ್ನಾಗಿದ್ದವರಿಗೆ ವರ್ಷಕ್ಕೆ ಕೆಲವು ನೂರು ಡಾಲರಿನಲ್ಲಿ ಮುಗಿಯುತ್ತದೆ. ದಿವಾಳಿ ಅರ್ಜಿ ಹಾಕಿದವರು, ಹಿಂದೆ ಬಾಂಡ್ ಮೇಲೆ ಕ್ಲೇಮ್ ಆದವರು ಹಲವು ಪಟ್ಟು ಜಾಸ್ತಿ ಕೊಡಬೇಕಾಗುತ್ತದೆ. ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಸಾಲದ ಚರಿತ್ರೆಯೇ ಇರುವುದಿಲ್ಲ, ಅವರಿಗೂ ಮೊದಲ ವರ್ಷ ದರ ಸ್ವಲ್ಪ ಮೇಲೆ ಬರಬಹುದು. ಒಂದೇ ಏಜೆಂಟ್ ಹೇಳಿದ್ದಕ್ಕೆ ಒಪ್ಪಿಬಿಡಬೇಡಿ. ಮೂರ್ನಾಲ್ಕು ಕಡೆ ವಿಚಾರಿಸಿ, ಬಾಂಡ್ ಒಂದೇ ಆದರೂ ದರ ಬೇರೆ ಇರುತ್ತದೆ.

ಬಾಂಡ್ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ: 25,000 ಡಾಲರನ್ನು ನಗದು ಅಥವಾ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ರೂಪದಲ್ಲಿ ಮಂಡಳಿಯಲ್ಲಿ ಠೇವಣಿ ಇಡುವುದು. ಆದರೆ ಅಷ್ಟು ದುಡ್ಡು ಸುಮ್ನೆ ಅಲ್ಲಿ ಕೂತಿರುತ್ತದೆ. ಮುಂದೆ ಬಾಂಡ್‌ಗೆ ಬದಲಾಯಿಸಿದರೂ, ಲೈಸೆನ್ಸೇ ಬಿಟ್ಟರೂ ತಕ್ಷಣ ವಾಪಸ್ ಬರುವುದಿಲ್ಲ. ಹಳೆ ಕೆಲಸದ ಕ್ಲೇಮ್ ಬರಬಹುದು ಅಂತ ಹಿಡಿದಿಡುತ್ತಾರೆ. ಹೊಸ ಕೆಲಸಕ್ಕೆ ಬಂಡವಾಳವೇ ಸಾಲದಿರುವಾಗ ಈ ದಾರಿ ನನಗೆ ಸರಿ ಕಾಣುವುದಿಲ್ಲ.

ತೆಗೆದುಕೊಳ್ಳುವುದು ಹೇಗೆ

ಕೆಲಸ ದೊಡ್ಡದಲ್ಲ. ಏಜೆಂಟ್ ಹತ್ತಿರ ಅಥವಾ ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತೀರಿ. ಅವರು ಕ್ರೆಡಿಟ್ ನೋಡಿ ದರ ಹೇಳುತ್ತಾರೆ. ಒಪ್ಪಿ, ನಷ್ಟ ತುಂಬಿಕೊಡುವ ಒಪ್ಪಂದಕ್ಕೆ ಸಹಿ ಹಾಕಿ ಪ್ರೀಮಿಯಂ ಕಟ್ಟಿದರೆ ಬಾಂಡ್ ಸಿದ್ಧ. ಈಗ ಬಹಳಷ್ಟು ಕಂಪನಿಗಳು ಅದನ್ನು ನೇರವಾಗಿ ಎಲೆಕ್ಟ್ರಾನಿಕ್ ಆಗಿ ಮಂಡಳಿಗೆ ಕಳಿಸುತ್ತವೆ. ಕೆಲವೊಮ್ಮೆ ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಬಾಂಡ್ ಕೊಡುವ ಕಂಪನಿಗೆ ಕ್ಯಾಲಿಫೋರ್ನಿಯಾದ ವಿಮಾ ಇಲಾಖೆಯ ಲೈಸೆನ್ಸ್ ಇರಬೇಕು, ಇದನ್ನು ಮೊದಲೇ ನೋಡಿಕೊಳ್ಳಿ.

ತೊಂದರೆ ಆಗುವುದು ಚಿಕ್ಕ ಚಿಕ್ಕ ವಿಷಯಕ್ಕೆ. ಬಾಂಡ್ ಮೇಲಿನ ಹೆಸರು ಮಂಡಳಿಯ ದಾಖಲೆಯಲ್ಲಿರುವ ಹೆಸರಿಗೆ ಅಕ್ಷರ ಅಕ್ಷರಕ್ಕೆ ಹೊಂದಬೇಕು. ಮಂಡಳಿಯಲ್ಲಿ ನಿಮ್ಮ ವ್ಯವಹಾರದ ಹೆಸರಿನ ಕೊನೆಗೆ ಕಂಪನಿ ಅನ್ನುವುದನ್ನು ತೋರಿಸುವ ‘ಇಂಕ್’ ಅಂತ ಇದ್ದು ಬಾಂಡ್‌ನಲ್ಲಿ ಅದು ಬಿಟ್ಟುಹೋಗಿದ್ದರೆ ವಾಪಸ್ ಬರುತ್ತದೆ. ನಮ್ಮವರ ಹೆಸರಿನಲ್ಲಂತೂ ಈ ಕಷ್ಟ ಇನ್ನೂ ಜಾಸ್ತಿ, ಇನಿಷಿಯಲ್ ಹಿಂದೆ ಮುಂದೆ ಆಗುತ್ತದೆ, ಅಪ್ಪನ ಹೆಸರು ಒಂದು ಕಡೆ ಸರ್‌ನೇಮ್ ಆಗಿ ಇನ್ನೊಂದು ಕಡೆ ಮಧ್ಯದ ಹೆಸರಾಗಿ ಕೂತಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಒಂದು ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇನ್ನೊಂದು. ಮಂಡಳಿಗೆ ಕೊಟ್ಟ ಅರ್ಜಿಯ ಪ್ರತಿ ಮುಂದಿಟ್ಟುಕೊಂಡೇ ಬಾಂಡ್ ಅರ್ಜಿ ತುಂಬಿ. ಅರ್ಜಿ ಸಂಖ್ಯೆ ಅಥವಾ ಲೈಸೆನ್ಸ್ ಸಂಖ್ಯೆ ಸರಿ ಇರಬೇಕು. ಕಂಪನಿಯ ಪರವಾಗಿ ಅಧಿಕಾರ ಇರುವವರ ಸಹಿ ಇರಬೇಕು. ಬಾಂಡ್ ಜಾರಿಗೆ ಬಂದ ದಿನದಿಂದ 90 ದಿನದೊಳಗೆ ಅದು ಮಂಡಳಿಗೆ ಮುಟ್ಟಿರಬೇಕು.

ಒಮ್ಮೆ ಕೊಟ್ಟ ಮೇಲೂ ಮರೆಯುವ ಹಾಗಿಲ್ಲ. ಪ್ರೀಮಿಯಂ ಕಟ್ಟದಿದ್ದರೆ ಶ್ಯೂರಿಟಿ ಕಂಪನಿ 30 ದಿನದ ನೋಟಿಸ್ ಕೊಟ್ಟು ಬಾಂಡ್ ರದ್ದು ಮಾಡಬಹುದು. ಬದಲಿ ಬಾಂಡ್ ಬರದಿದ್ದರೆ ಲೈಸೆನ್ಸ್ ಅಮಾನತು. ಅಮಾನತಾದ ಲೈಸೆನ್ಸ್‌ನಲ್ಲಿ ಮಾಡಿದ ಕೆಲಸ ಲೈಸೆನ್ಸ್ ಇಲ್ಲದೆ ಮಾಡಿದ ಕೆಲಸಕ್ಕೆ ಸಮ. ಆಗ ಗಿರಾಕಿ ದುಡ್ಡು ಕೊಡದಿದ್ದರೂ ಕೋರ್ಟಿಗೆ ಹೋಗಿ ಕೇಳುವ ಹಕ್ಕು ನಿಮಗಿರುವುದಿಲ್ಲ. ಅಷ್ಟೇ ಅಲ್ಲ, ಕೊಟ್ಟ ದುಡ್ಡನ್ನೂ ವಾಪಸ್ ಕೊಡಿ ಅಂತ ಗಿರಾಕಿ ಕೇಸ್ ಹಾಕಬಹುದು. ಕೆಲವು ನೂರು ಡಾಲರಿನ ಬಿಲ್ ಕಟ್ಟಲು ಮರೆತು, ತಿಂಗಳುಗಟ್ಟಲೆ ಬೆವರು ಸುರಿಸಿದ ಕೆಲಸದ ಹಣ ಕಳೆದುಕೊಳ್ಳುವುದು ಬಹಳ ನೋವಿನ ವಿಷಯ. ವಿಳಾಸ ಬದಲಾದರೆ ಮಂಡಳಿಗೂ ಕಂಪನಿಗೂ ಕೂಡಲೇ ತಿಳಿಸಿ. ಇಲ್ಲದಿದ್ದರೆ ನೋಟಿಸ್ ಹಳೆ ಮನೆಗೆ ಹೋಗುತ್ತದೆ.

ಒಂದೇ ಬಾಂಡ್ ಸಾಕಾ?

ಒಬ್ಬರೇ ನಡೆಸುವ ವ್ಯವಹಾರ, ಪರೀಕ್ಷೆ ಬರೆದವರೂ ನೀವೇ ಅಂದರೆ ಸಾಕು. ಕಂಪನಿ ನಿಮ್ಮದು, ಆದರೆ ಪರೀಕ್ಷೆ ಪಾಸಾಗಿ ಲೈಸೆನ್ಸ್‌ಗೆ ಅರ್ಹತೆ ತಂದುಕೊಟ್ಟವರು ಬೇರೆ ಅಂದರೆ ಅವರ ಹೆಸರಿನಲ್ಲಿ ಇನ್ನೊಂದು 25,000 ಡಾಲರಿನ ಬಾಂಡ್ ಬೇಕಾಗಬಹುದು. ಅವರು ಕಂಪನಿಯ ಅಧಿಕಾರಿಯಾಗಿದ್ದು ಶೇಕಡಾ 10 ಅಥವಾ ಹೆಚ್ಚಿನ ಪಾಲು ಇದ್ದರೆ ಇದರಿಂದ ವಿನಾಯಿತಿ ಸಿಗುತ್ತದೆ. ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆಗೆ ಮಿತಿ ಇರುವ ಕಂಪನಿ, ಮಾಡಿಕೊಂಡವರಿಗೆ ಕೆಲಸಗಾರರ ಸಂಬಳದ ರಕ್ಷಣೆಗೆ 1,00,000 ಡಾಲರಿನ ಪ್ರತ್ಯೇಕ ಬಾಂಡ್, ಜೊತೆಗೆ ಕನಿಷ್ಠ 10 ಲಕ್ಷ ಡಾಲರಿನ ಲಯಬಿಲಿಟಿ ವಿಮೆ ಕಡ್ಡಾಯ. ತೆರಿಗೆಗೆ ಅನುಕೂಲ ಅಂತ ಯೋಚಿಸದೆ ಎಲ್‌ಎಲ್‌ಸಿ ಮಾಡಿಕೊಂಡವರಿಗೆ ಇದು ಆಮೇಲೆ ಭಾರವಾಗುತ್ತದೆ. ಹಿಂದೆ ಶಿಸ್ತು ಕ್ರಮಕ್ಕೆ ಒಳಗಾದವರಿಗೆ ಇನ್ನೂ ಒಂದು ಬಾಂಡ್ ಇದೆ, ಅದು ಬೇರೆ ಕಥೆ.

ಕೆಲಸ ಪೂರ್ತಿ ಮಾಡಿಕೊಡುತ್ತೇನೆ ಅನ್ನುವ ಪರ್ಫಾರ್ಮೆನ್ಸ್ ಬಾಂಡ್ ಇದಲ್ಲ. ಅದು ಒಂದು ಕೆಲಸಕ್ಕೆ ಒಂದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ದೊಡ್ಡ ಕಾಮಗಾರಿಗಳಿಗೆ ಅಂಥ ಬಾಂಡನ್ನು 1935ರ ಮಿಲ್ಲರ್ ಕಾಯ್ದೆ ಕಡ್ಡಾಯ ಮಾಡಿದೆ. ಲೈಸೆನ್ಸ್ ಬಾಂಡ್ ನಿಮ್ಮ ಎಲ್ಲ ಕೆಲಸಕ್ಕೂ ಸೇರಿ ಒಂದೇ.

ಬೇರೆ ಕಡೆ, ನಮ್ಮ ಕಡೆ

ನಿಯಮ ರಾಜ್ಯಕ್ಕೊಂದು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 2024ರ ಜುಲೈಯಿಂದ ಜನರಲ್ ಕಂಟ್ರಾಕ್ಟರ್ ಬಾಂಡನ್ನು 12,000ದಿಂದ 30,000 ಡಾಲರಿಗೆ, ಒಂದೇ ಕಸುಬಿನವರದ್ದನ್ನು 6,000ದಿಂದ 15,000ಕ್ಕೆ ಏರಿಸಿತು. ಟೆಕ್ಸಸ್‌ನಲ್ಲಿ ಜನರಲ್ ಕಂಟ್ರಾಕ್ಟರ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ, ಕೇಳುವುದಾದರೆ ಊರಿನ ಸಿಟಿ ಕಚೇರಿ ಕೇಳುತ್ತದೆ. ಹಾಗಾಗಿ ನೆಂಟರೊಬ್ಬರು ಟೆಕ್ಸಸ್‌ನ ಡಲ್ಲಾಸ್‌ನಿಂದ ಹೇಳಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕರ್ನಾಟಕದಲ್ಲಿ ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರಿಗೆ ಗೊತ್ತಿರುವುದು ಇಎಂಡಿ (ಟೆಂಡರ್ ಹಾಕುವಾಗ ಇಡುವ ಠೇವಣಿ), ಬ್ಯಾಂಕ್ ಗ್ಯಾರಂಟಿ. ಬ್ಯಾಂಕ್ ಗ್ಯಾರಂಟಿಗೆ ಸಾಮಾನ್ಯವಾಗಿ ಒಂದಷ್ಟು ಹಣ ಅಡ ಇಡಬೇಕು, ಅದು ಸಿಕ್ಕಿಹಾಕಿಕೊಳ್ಳುತ್ತದೆ. ಆ ಜಾಗಕ್ಕೆ ವಿಮಾ ಕಂಪನಿಯ ಶ್ಯೂರಿಟಿ ಬಾಂಡ್ ಬರಲಿ ಅಂತ ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ ಮಾಡಿದ ಮಾರ್ಗಸೂಚಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆದರೆ ಅದು ಟೆಂಡರ್‌ಗೆ, ಕಾಮಗಾರಿಗೆ ಸಂಬಂಧಪಟ್ಟದ್ದು. ಮನೆ ಗಾರೆ ಕೆಲಸ ಮಾಡುವವರ ಲೈಸೆನ್ಸ್‌ಗೆ ಇಂಥ ಬಾಂಡ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಕ್ಲೇಮ್ ಬಂದರೆ ಏನಾಗುತ್ತದೆ

ಒಂದು ಲೆಕ್ಕ ಹಿಡಿಯೋಣ. ಅಡುಗೆಮನೆ ಕೆಲಸ 60,000 ಡಾಲರಿಗೆ ಒಪ್ಪಂದ. ಕಂಟ್ರಾಕ್ಟರ್ ಕ್ಯಾಬಿನೆಟ್ ಕಿತ್ತುಹಾಕಿ, ಪ್ಲಂಬಿಂಗ್ ಅರ್ಧಕ್ಕೆ ಬಿಟ್ಟು, ಫೋನ್ ಎತ್ತುವುದು ನಿಲ್ಲಿಸುತ್ತಾರೆ. ಇನ್ನೊಬ್ಬರಿಂದ ಸರಿಮಾಡಿಸಲು ಮೂಲ ಒಪ್ಪಂದಕ್ಕಿಂತ 18,000 ಡಾಲರ್ ಜಾಸ್ತಿ ಖರ್ಚಾಗುತ್ತದೆ. ಮನೆಯವರು ಒಪ್ಪಂದ, ಚೆಕ್ಕುಗಳು, ಫೋಟೋ, ಹೊಸ ಕಂಟ್ರಾಕ್ಟರ್ ಅಂದಾಜು ಎಲ್ಲ ಸೇರಿಸಿ ಶ್ಯೂರಿಟಿ ಕಂಪನಿಗೆ ಬರೆಯುತ್ತಾರೆ. ಕಂಪನಿ ಕಂಟ್ರಾಕ್ಟರ್‌ಗೆ ತಿಳಿಸುತ್ತದೆ. ಅವರು ನನ್ನ ತಪ್ಪಿಲ್ಲ ಅಂತ ತಕರಾರು ಬರೆದು ಕೊಡಬಹುದು. ಕಂಪನಿ ಎರಡೂ ಕಡೆ ನೋಡಿ ತೀರ್ಮಾನಿಸುತ್ತದೆ. ಕ್ಲೇಮ್ ನ್ಯಾಯ ಅನ್ನಿಸಿದರೆ 18,000 ಕೊಡುತ್ತದೆ, ಮಂಡಳಿಗೂ ತಿಳಿಸುತ್ತದೆ. ಆ ಹಣವನ್ನು ಕಂಟ್ರಾಕ್ಟರ್ ಕಂಪನಿಗೆ ತುಂಬಿಕೊಡದಿದ್ದರೆ ಲೈಸೆನ್ಸ್ ಅಮಾನತು ಆಗುತ್ತದೆ.

ಈಗ ಅದೇ ಕಂಟ್ರಾಕ್ಟರ್ ಇನ್ನೊಂದು ಮನೆಯಲ್ಲೂ ಹೀಗೇ ಮಾಡಿದ್ದರೆ? ಬಾಂಡ್‌ನಲ್ಲಿ ಉಳಿದಿರುವುದು 7,000. ಆ ಮನೆಯವರ ನಷ್ಟ 30,000 ಆಗಿದ್ದರೂ ಬಾಂಡ್‌ನಿಂದ ಸಿಗುವುದು ಅಷ್ಟೇ, ಉಳಿದದ್ದಕ್ಕೆ ಕೋರ್ಟು. 25,000 ಅನ್ನುವುದು ಒಂದೊಂದು ಗಿರಾಕಿಗೆ ಅಲ್ಲ, ಎಲ್ಲರಿಗೂ ಸೇರಿ. ಒಂದು ಸಮಾಧಾನ ಏನೆಂದರೆ, ತಮ್ಮ ವಾಸದ ಮನೆ ಕೆಲಸ ಮಾಡಿಸಿದವರನ್ನು ಬಿಟ್ಟು ಉಳಿದ ಎಲ್ಲರಿಗೂ ಸೇರಿ ಈ ಬಾಂಡ್‌ನಿಂದ 7,500 ಡಾಲರಿಗಿಂತ ಜಾಸ್ತಿ ಹೋಗುವಂತಿಲ್ಲ. ಮಿಕ್ಕಿದ್ದನ್ನು ಮನೆಯವರಿಗೆ ಅಂತಲೇ ಕಾದಿರಿಸಿದ್ದಾರೆ.

ಕೆಲಸ ಮಾಡಿಸುವವರು ನೋಡಬೇಕಾದ್ದು

ವಾಟ್ಸಾಪ್ ಗುಂಪಿನಲ್ಲಿ ‘ಇವರು ಒಳ್ಳೆಯವರು, ಬಾಂಡೆಡ್’ ಅಂತ ಯಾರೋ ಹಾಕಿದ ಮಾತ್ರಕ್ಕೆ ಮುಂದುವರಿಯಬೇಡಿ. ಲೈಸೆನ್ಸ್ ಸಂಖ್ಯೆ ಕೇಳಿ. ಸಿಎಸ್‌ಎಲ್‌ಬಿ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯಾವ ಕೆಲಸಕ್ಕೆ, ಬಾಂಡ್ ಯಾವ ಕಂಪನಿಯದ್ದು, ಬಾಂಡ್ ಸಂಖ್ಯೆ, ಮೊತ್ತ, ಕೆಲಸಗಾರರ ಪರಿಹಾರ ವಿಮೆ ಎಲ್ಲ ಕಾಣುತ್ತದೆ. ಆ ಪುಟವನ್ನು ಉಳಿಸಿಟ್ಟುಕೊಳ್ಳಿ, ಮುಂದೆ ಕ್ಲೇಮ್ ಹಾಕಬೇಕಾದರೆ ಬೇಕಾಗುವುದು ಅದೇ. ಲೈಸೆನ್ಸ್‌ನಲ್ಲಿರುವ ಹೆಸರೂ ನಿಮ್ಮ ಮುಂದೆ ನಿಂತವರೂ ಒಂದೇನಾ ಅಂತ ಗುರುತಿನ ಚೀಟಿ ನೋಡಿ, ಇನ್ನೊಬ್ಬರ ಸಂಖ್ಯೆ ಬಳಸುವವರೂ ಇದ್ದಾರೆ. ಲಯಬಿಲಿಟಿ ವಿಮೆ ಎಲ್‌ಎಲ್‌ಸಿ ಅಲ್ಲದವರಿಗೆ ಕಡ್ಡಾಯ ಇಲ್ಲ, ಅದನ್ನು ಬೇರೆಯಾಗಿ ಕೇಳಿ.

ಬಾಂಡ್ ಚಿಕ್ಕದು ಅನ್ನುವುದು ಗೊತ್ತಿರುವುದರಿಂದ ಮುಂಗಡವನ್ನೂ ಚಿಕ್ಕದಾಗಿಡಿ. ಮನೆ ಕೆಲಸಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮುಂಗಡ ಒಪ್ಪಂದದ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದನ್ನು ದಾಟಬಾರದು. ಅಂದರೆ 60,000 ಡಾಲರಿನ ಕೆಲಸಕ್ಕೂ ಮುಂಗಡ 1,000 ಮಾತ್ರ. ಮಂಡಳಿಯಲ್ಲಿ ವಿಶೇಷ ದೊಡ್ಡ ಬಾಂಡ್ ಇಟ್ಟ ಕೆಲವರಿಗೆ ಮಾತ್ರ ಇದರಿಂದ ವಿನಾಯಿತಿ. ಆಮೇಲಿನ ಕಂತುಗಳು ಆದ ಕೆಲಸಕ್ಕಿಂತ ಮುಂದೆ ಹೋಗಬಾರದು. ಸಾಮಾನು ತರಬೇಕು, ಅರ್ಧ ದುಡ್ಡು ಈಗಲೇ ಕೊಡಿ ಅಂದರೆ ಅಲ್ಲೇ ನಿಲ್ಲಿಸಿ.

ಏನಾದರೂ ಕೆಟ್ಟರೆ ಎರಡು ಕಡೆ ಬರೆಯಬೇಕು. ದೂರು ಸಿಎಸ್‌ಎಲ್‌ಬಿಗೆ, ಹಣದ ಕ್ಲೇಮ್ ನೇರವಾಗಿ ಶ್ಯೂರಿಟಿ ಕಂಪನಿಗೆ. ಮಂಡಳಿಗೆ ದೂರು ಕೊಟ್ಟರೆ ಬಾಂಡ್ ಹಣ ತಾನಾಗಿ ಬರುವುದಿಲ್ಲ, ಮಂಡಳಿ ತನ್ನ ಕೈಯಿಂದ ಕೊಡುವುದೂ ಇಲ್ಲ. ದೂರಿಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಅವಕಾಶ ಇದೆ. ಆದರೆ ಬಾಂಡ್ ಕ್ಲೇಮ್‌ಗೆ ಕಾನೂನಿನ ಗಡುವು ಬೇರೆ, ಅದನ್ನು ಎಣಿಸುವ ರೀತಿಯೂ ಬೇರೆ: ತಪ್ಪು ನಡೆದಾಗ ಚಾಲ್ತಿಯಲ್ಲಿದ್ದ ಲೈಸೆನ್ಸ್ ಅವಧಿ ಮುಗಿದ ಮೇಲೆ ಎರಡು ವರ್ಷ, ಲೈಸೆನ್ಸ್ ಮಧ್ಯದಲ್ಲೇ ರದ್ದಾಗಿದ್ದರೆ ಆ ದಿನದಿಂದ ಎರಡು ವರ್ಷ. ಮೊದಲು ಕೇಳಿದವರಿಗೆ ಹೋದರೆ ಆಮೇಲಿನವರಿಗೆ ಉಳಿಯದೆ ಹೋಗಬಹುದು, ಹಾಗಾಗಿ ಗಡುವು ದೂರ ಇದೆ ಅಂತ ಕಾಯದೆ ಅದೇ ವಾರ ಬರೆಯಿರಿ.